ಬಳ್ಳಾರಿ ಸೇರಿದ್ದು 1953ರಲ್ಲಿ: ಸಮಾಜ ವಿಜ್ಞಾನದ ಮೇಷ್ಟ್ರುಗಳಿಗೆ ಒಂದು ಬಹಿರಂಗ ಪತ್ರ

ಬಳ್ಳಾರಿಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡೋ ಎಲ್ಲಾ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ನಮಸ್ಕಾರ. ನಾನು ಓದಿದ್ದು ಪಿಯುಸಿ ತನಕ ಅಷ್ಟೇ, ಅದೂ ಸೆಕೆಂಡ್ ಇಯರ್ ಇಂಗ್ಲಿಷ್ ಎರಡು ಸಲ ಕಟ್ಟಿ ಪಾಸಾದವನು, ಅದಕ್ಕೆ ಮೊದಲೇ ಹೇಳಿಬಿಡ್ತೀನಿ, ನಿಮಗೆ ಪಾಠ ಹೇಳೋಕೆ ಬರ್ತಾ ಇಲ್ಲ. ಜೀನ್ಸ್ ಯೂನಿಟ್ ಒಂದರಲ್ಲಿ ಕಟಿಂಗ್ ಮಾಸ್ಟರ್ ಕೆಲಸ. ದಿನಾ ಬಟ್ಟೆ ಕತ್ತರಿಸೋದೇ ನನ್ನ ಹೊಟ್ಟೆಪಾಡು. ಆದ್ರೆ ಹೋದ ತಿಂಗಳು ನನ್ ಮಗಳ ಪ್ರಾಜೆಕ್ಟ್ ಪುಸ್ತಕ ವಾಪಸ್ ಬಂದಾಗ ಅದನ್ನ ನೋಡಿ ಸುಮ್ನೆ ಇರೋಕೆ ಆಗ್ಲಿಲ್ಲ, ಅದಕ್ಕೆ ಈ ಪತ್ರ.

ವಿಷಯ ಏನಂದ್ರೆ, ಎಂಟನೇ ಕ್ಲಾಸಿನ ಮಗಳಿಗೆ "ನಮ್ಮ ಊರಿನ ಇತಿಹಾಸ" ಅಂತ ಪ್ರಾಜೆಕ್ಟ್ ಕೊಟ್ಟಿದ್ರು. ನನಗೆ ಖುಷಿ ಆಯ್ತು. ಅವಳು ಮೂರು ದಿನ ಕೂತು ಬರೆದ್ಲು. ನಮ್ಮ ಅಜ್ಜಿ, ಅಂದ್ರೆ ಅವಳಿಗೆ ಮುತ್ತಜ್ಜಿ, ಇನ್ನೂ ಇದಾರೆ, ಎಂಬತ್ತಾರು ದಾಟಿದೆ, ಕಿವಿ ಮಂದ ಆದ್ರೆ ನೆನಪು ಚಾಕು. ಅಜ್ಜಿ ತವರು ಈಗ ಆಂಧ್ರದಲ್ಲಿರೋ ಆಲೂರು ಕಡೆ ಒಂದು ಹಳ್ಳಿ. ಮಗಳು ಅಜ್ಜಿ ಹತ್ರ ಕೂತು ಕೇಳಿ ಕೇಳಿ ಬರ್ಕೊಂಡ್ಲು. ಅದ್ರಲ್ಲಿ ಒಂದು ಸಾಲು ಹೀಗಿತ್ತು: "ನಮ್ಮ ಬಳ್ಳಾರಿ 1953ರ ಅಕ್ಟೋಬರ್ 1ಕ್ಕೆ ಮದ್ರಾಸ್ ಬಿಟ್ಟು ಮೈಸೂರು ರಾಜ್ಯ ಸೇರಿತು." ಈ ಸಾಲಿನ ಕೆಳಗೆ ಕೆಂಪು ಪೆನ್ನಲ್ಲಿ ಗೆರೆ. ಪಕ್ಕದಲ್ಲಿ "ತಪ್ಪು, 1956 ನವೆಂಬರ್ 1". ಎರಡು ಮಾರ್ಕ್ಸ್ ಕಟ್. ಮುಂದಿನ ಪುಟದಲ್ಲಿ ಅವಳು ನೆಟ್‌ನಿಂದ ಪ್ರಿಂಟ್ ತೆಗೆಸಿ ಅಂಟಿಸಿ ಸುತ್ತ ಗ್ಲಿಟರ್ ಪೆನ್ನಲ್ಲಿ ಬಾರ್ಡರ್ ಹಾಕಿದ ಹಂಪಿ ಕಲ್ಲಿನ ರಥ ಇತ್ತು. ಅದಕ್ಕೆ ಸ್ಟಾರ್ ಹಾಕಿ "ವೆರಿ ಗುಡ್".

ಅಂದ್ರೆ ಸರಿ ಇದ್ದಿದ್ದಕ್ಕೆ ತಪ್ಪು, ತಪ್ಪಿಗೆ ಸ್ಟಾರ್. ಹಂಪಿ ನಮ್ಮ ಜಿಲ್ಲೆಲಿ ಇಲ್ಲ ಸ್ವಾಮಿ, 2021ರಲ್ಲಿ ವಿಜಯನಗರ ಜಿಲ್ಲೆ ಮಾಡಿದಾಗ ಹೊಸಪೇಟೆ ಜೊತೆ ಅದೂ ಹೋಯ್ತು. ಈಗ ಬಳ್ಳಾರಿ ಜಿಲ್ಲೆ ಅಂದ್ರೆ ಬಳ್ಳಾರಿ, ಸಿರುಗುಪ್ಪ, ಸಂಡೂರು, ಕುರುಗೋಡು, ಕಂಪ್ಲಿ, ಐದೇ ತಾಲ್ಲೂಕು.

ಶಾಲೆ ಹೆಸರು ಹೇಳಲ್ಲ, ಮೇಡಂ ಹೆಸರೂ ಬೇಡ. ನಾನು ಹೋಗಿ ಕೇಳಿದೆ, ಮರ್ಯಾದೆಯಾಗೇ ಮಾತಾಡಿದ್ರು, "ಗೈಡ್‌ನಲ್ಲಿ ಹಂಗೇ ಐತೆ, ಪರೀಕ್ಷೆಗೆ ಬರೋದು 1956 ಅಲ್ವಾ" ಅಂದ್ರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಅವರ ಮೇಷ್ಟ್ರು ಹಂಗೇ ಹೇಳಿಕೊಟ್ಟಿರ್ತಾರೆ. ಆಮೇಲೆ ಯೂನಿಟ್‌ನಲ್ಲಿ ನಾಲ್ಕು ಜನರ ಮಕ್ಕಳನ್ನ ವಿಚಾರಿಸಿದೆ, ಬೇರೆ ಬೇರೆ ಸ್ಕೂಲು, ಎಲ್ಲರದ್ದೂ ಅದೇ 1956. ಹಂಗಾಗಿ ಒಬ್ಬರಿಗಲ್ಲ, ನಿಮ್ಮೆಲ್ಲರಿಗೂ ಬರೀತಾ ಇದೀನಿ.

1956 ನವೆಂಬರ್ 1 ದೊಡ್ಡ ದಿನಾನೇ, ಅದನ್ನ ಯಾರೂ ಇಲ್ಲ ಅನ್ನಲ್ಲ. ಧಾರವಾಡ, ಬೆಳಗಾವಿ ಕಡೆಯವರು ಬಾಂಬೆಯಿಂದ ಬಂದ್ರು, ಬೀದರ್ ಕಲಬುರ್ಗಿ ರಾಯಚೂರಿನವರು ಹೈದರಾಬಾದ್‌ನಿಂದ ಬಂದ್ರು, ಮಂಗಳೂರಿನವರು ಮದ್ರಾಸ್‌ನಿಂದ, ಕೊಡಗೂ ಸೇರ್ತು. ಆದ್ರೆ ಅವತ್ತು ಇವರೆಲ್ಲ ಬರೋ ಹೊತ್ತಿಗೆ ನಾವು ಆಗ್ಲೇ ಮನೆ ಒಳಗೆ ಕೂತಿದ್ವಿ, ಮೂರು ವರ್ಷ ಒಂದು ತಿಂಗಳು ಆಗಿತ್ತು. ಮೂರೇ ವರ್ಷ ತಾನೇ, ಅದರಲ್ಲೇನು ಅಂತೀರಾ? ಆ ಮೂರು ವರ್ಷದ ಹಿಂದೆ ನಮ್ಮ ಗಡಿ ಹುಟ್ಟಿದ ಕತೆ ಐತೆ. 1956 ಅಂತ ಬರೆದ ತಕ್ಷಣ ಆ ಕತೆ ಪೂರ್ತಿ ಮುಚ್ಚಿ ಹೋಗುತ್ತೆ, ಮಗು ಕೇಳೋದೇ ಇಲ್ಲ.

ಕತೆ ಸ್ವಲ್ಪ ಹಿಂದಿಂದ ಹೇಳ್ಬೇಕು. ಟಿಪ್ಪು ಬಿದ್ದ ಮೇಲೆ ಈ ಸೀಮೆ ನಿಜಾಮನ ಪಾಲಿಗೆ ಬಂತು, ಅವನು 1800ರಲ್ಲಿ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಬಿಟ್ಟುಕೊಟ್ಟ ಜಿಲ್ಲೆಗಳು, ದತ್ತ ಮಂಡಲ ಅಂತಿದ್ರು. ಥಾಮಸ್ ಮನ್ರೋ ಇಲ್ಲಿಗೆ ಮೊದಲ ಪ್ರಿನ್ಸಿಪಲ್ ಕಲೆಕ್ಟರ್, 1807ರ ತನಕ ಇದ್ದ, ಊರೂರು ಅಳೆದು ರೈತವಾರಿ ಕಂದಾಯ ತಂದ. ಮಂತ್ರಾಲಯದಲ್ಲಿ ರಾಯರು ಬೃಂದಾವನದಿಂದ ಎದ್ದು ಬಂದು ಮಾತಾಡಿದ್ರು ಅಂತ ಕತೆ ಐತಲ್ಲ, ಅದು ಈ ಮನ್ರೋ ಜೊತೆಗೇ. ನಂಬೋರು ನಂಬಿ, ಬಿಡೋರು ಬಿಡಿ, ಆದ್ರೆ ಈ ಕತೆ ಯಾಕೆ ಮುಖ್ಯ ಅಂದ್ರೆ ಮಂತ್ರಾಲಯ ಆಗ ಬಳ್ಳಾರಿ ಜಿಲ್ಲೆ, ಆದವಾನಿ ತಾಲ್ಲೂಕು. ಇದನ್ನ ಯಾರಿಗಾದ್ರೂ ಹೇಳಿ ನೋಡ್ರಿ, ನಂಬಲ್ಲ. ನಮ್ ಯೂನಿಟ್ ಓನರ್ ವರ್ಷಕ್ಕೆ ನಾಲ್ಕು ಸಲ ಮಂತ್ರಾಲಯಕ್ಕೆ ಹೋಗ್ತಾರೆ, ಅವರೇ ನಂಬಲಿಲ್ಲ.

ಆಗಿನ ಬಳ್ಳಾರಿ ಜಿಲ್ಲೆ ಎಷ್ಟು ದೊಡ್ಡದು ಅಂದ್ರೆ ಅನಂತಪುರ ಕೂಡ ಇದರೊಳಗೇ ಇತ್ತು. 1882ರಲ್ಲಿ ಅದನ್ನ ಕತ್ತರಿಸಿ ಬೇರೆ ಜಿಲ್ಲೆ ಮಾಡಿದ್ರು. ಅದು ಮೊದಲನೇ ಕತ್ತರಿ. ಎರಡನೇದು 1953. ಮೂರನೇದು 2021. ನಡುವೆ 1949ರಲ್ಲಿ ಘೋರ್ಪಡೆ ರಾಜರ ಸಂಡೂರು ಸಂಸ್ಥಾನ ನಮಗೆ ಬಂದು ಸೇರ್ಕೊಂಡಿದ್ದು ಒಂದೇ ತೇಪೆ. ಹರಪನಹಳ್ಳಿದಂತೂ ಬೇರೆನೇ ಗೋಳು, ಒಮ್ಮೆ ದಾವಣಗೆರೆಗೆ ಹೋಯ್ತು, ವಾಪಸ್ ಬಂತು, ಈಗ ವಿಜಯನಗರದಲ್ಲಿ ಐತೆ. ನಾನು ಕಟಿಂಗ್ ಟೇಬಲ್ ಮೇಲೆ ಬಟ್ಟೆ ಹಾಸಿ ಮಾರ್ಕ್ ಮಾಡಿ ಕತ್ತರಿಸಿದ್ರೆ ಪೀಸ್ ಎಲ್ಲಿ ಹೋಯ್ತು ಅಂತ ಚೀಟಿ ಇರುತ್ತೆ, ನಂಬರ್ ಇರುತ್ತೆ. ನಮ್ಮ ಜಿಲ್ಲೆ ಪೀಸ್‌ಗಳ ಚೀಟಿ ಮಕ್ಕಳ ಪುಸ್ತಕದಲ್ಲಿ ಇಲ್ಲ, ನನ್ನ ದೂರು ಇಷ್ಟೇ.

1953ಕ್ಕೆ ಬರ್ತೀನಿ. ತೆಲುಗಿನವರಿಗೆ ಬೇರೆ ರಾಜ್ಯ ಬೇಕು ಅಂತ ಪೊಟ್ಟಿ ಶ್ರೀರಾಮುಲು ಉಪವಾಸ ಕೂತು 1952 ಡಿಸೆಂಬರ್ 15ಕ್ಕೆ ತೀರಿಕೊಂಡ್ರು. ನಾಲ್ಕು ದಿನಕ್ಕೆ ನೆಹರು ಆಂಧ್ರ ರಾಜ್ಯ ಕೊಡ್ತೀವಿ ಅಂದ್ರು. ಸರಿ, ಮದ್ರಾಸ್‌ನಿಂದ ತೆಲುಗು ಜಿಲ್ಲೆಗಳನ್ನ ಬೇರೆ ಮಾಡೋದು, ಆದ್ರೆ ಬಳ್ಳಾರಿ ಏನು ಮಾಡೋದು? ಪಡುವಣ ತಾಲ್ಲೂಕುಗಳು ಕನ್ನಡ, ಆದವಾನಿ, ಆಲೂರು, ರಾಯದುರ್ಗ ಮೂರು ಆಂಧ್ರಕ್ಕೆ ಅಂತ ಆಯ್ತು. ನಡುವೆ ಸಿಕ್ಕಿಹಾಕೊಂಡಿದ್ದು ಬಳ್ಳಾರಿ ತಾಲ್ಲೂಕು, ಅಂದ್ರೆ ನಾವು. ಕನ್ನಡ, ತೆಲುಗು, ಉರ್ದು ಮೂರೂ ಮಾತಾಡೋ ತಾಲ್ಲೂಕು, ಯಾರ ಲೆಕ್ಕಕ್ಕೂ ಪೂರ್ತಿ ಸಿಗದ ಊರು. ಆಂಧ್ರ ರಾಜ್ಯ ಹೆಂಗೆ ಮಾಡೋದು ಅಂತ ನೋಡೋಕೆ ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ವಾಂಛೂ ಅವರ ವರದಿ ಬಂದ್ರೂ ಇದು ಇತ್ಯರ್ಥ ಆಗ್ಲಿಲ್ಲ. ಅದಕ್ಕೆ ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರನ್ನ ಬಳ್ಳಾರಿ ತಾಲ್ಲೂಕಿಗೋಸ್ಕರಾನೇ ವಿಚಾರಣೆಗೆ ಕಳಿಸಿದ್ರು. ಒಂದೇ ಒಂದು ತಾಲ್ಲೂಕಿಗೆ ಒಬ್ಬ ಚೀಫ್ ಜಸ್ಟೀಸ್, ಸ್ವಲ್ಪ ಯೋಚನೆ ಮಾಡ್ರಿ. ಅವರು ಇದು ಮೈಸೂರಿಗೆ ಹೋಗ್ಲಿ ಅಂದ್ರು. ಹಂಗೆ 1953 ಅಕ್ಟೋಬರ್ 1ಕ್ಕೆ ಆ ಕಡೆ ಆಂಧ್ರ ರಾಜ್ಯ ಹುಟ್ತು, ಈ ಕಡೆ ನಾವು ಮೈಸೂರು ಸೇರಿದ್ವಿ, ಒಂದೇ ದಿನ.

ಆ ಸಂಭ್ರಮಕ್ಕೆ ಹಾಕಿದ್ದ ಪೆಂಡಾಲ್ ಕಾಯೋಕೆ ನಿಂತಿದ್ದ ರಂಜಾನ್ ಸಾಬ್ ಅನ್ನೋ ಪೈಲ್ವಾನ್ ಮೇಲೆ ಆಸಿಡ್ ಬಲ್ಬ್ ಎಸೆದ್ರು, ಅವರು ಉಳೀಲಿಲ್ಲ. ಬಳ್ಳಾರಿ ಕನ್ನಡಕ್ಕೆ ಸೇರ್ಲಿ ಅಂತ ಪ್ರಾಣ ಕೊಟ್ಟವರು ಒಬ್ಬ ಪಿಂಜಾರ ಸಾಹೇಬರು. ನವೆಂಬರ್ ಬಂದ್ರೆ ಶಾಲು, ಬಾವುಟ, ಡಿಜೆ ಎಲ್ಲಾ ಇರುತ್ತೆ, ನಿಮ್ಮ ಕ್ಲಾಸಲ್ಲಿ ಎಷ್ಟು ಮಕ್ಕಳಿಗೆ ರಂಜಾನ್ ಸಾಬ್ ಹೆಸರು ಗೊತ್ತು ಅಂತ ನಾಳೆ ಒಮ್ಮೆ ಕೈ ಎತ್ತಿಸಿ ನೋಡ್ರಿ. 1956 ಅಂತ ಹೇಳಿಕೊಟ್ರೆ ಆ ಮನುಷ್ಯ ಯಾಕೆ ಸತ್ತ ಅನ್ನೋದಕ್ಕೇ ಅರ್ಥ ಇರಲ್ಲ, ಅವರು ತೀರಿಕೊಂಡು ಮೂರು ವರ್ಷ ಆದ ಮೇಲೆ ಊರು ಸೇರಿದಂಗೆ ಆಗುತ್ತೆ.

ಅಜ್ಜಿ ಹೇಳೋದು ಬೇರೆ. ಅಜ್ಜಿಗೆ ಆಗ ಹದಿನಾಲ್ಕೋ ಹದಿನೈದೋ, ಮದುವೆ ಆಗಿ ಬಳ್ಳಾರಿಗೆ ಬಂದು ಒಂದು ವರ್ಷ. "ಮಲಗಿ ಎದ್ದಾಗ ತವರು ಬೇರೆ ಸರ್ಕಾರ ಆಗಿತ್ತು" ಅಂತಾರೆ. ಮೊದಲು ಏನೂ ಗೊತ್ತಾಗ್ಲಿಲ್ಲವಂತೆ, ಎತ್ತಿನ ಬಂಡಿ ಅದೇ ದಾರಿಲಿ ಹೋಗ್ತಿತ್ತು, ಯಾರು ತಡೀತಾರೆ. ಗೊತ್ತಾಗಿದ್ದು ಯಾವಾಗ ಅಂದ್ರೆ ತಮ್ಮನ ಜಮೀನಿನ ಕಾಗದ ಕರ್ನೂಲಿಗೆ ಹೋಯ್ತು, ಅವನ ಮಕ್ಕಳು ಸ್ಕೂಲಲ್ಲಿ ತೆಲುಗು ಅಕ್ಷರ ತಿದ್ದೋಕೆ ಶುರು ಮಾಡಿದ್ರು, ಅಕ್ಕ ಬರೆಸಿದ ಕಾಗದ ತಮ್ಮನ ಮಗ ಓದೋಕಾಗ್ದೆ ಪಕ್ಕದ ಮನೆಯವರ ಹತ್ರ ಓದಿಸ್ದ. ಮಾತಾಡಿದ್ರೆ ಎಲ್ಲಾ ಅರ್ಥ ಆಗುತ್ತೆ, ಬರೆದ್ರೆ ಇಲ್ಲ. ನೋಡಿದ್ರೆ ಎರಡೂ ಲಿಪಿ ಅಕ್ಕ ತಂಗಿ ತರ, ತಲೆಕಟ್ಟು ಸ್ವಲ್ಪ ಬೇರೆ, ಆದ್ರೂ. ಇದನ್ನ ಮಗಳು ಪ್ರಾಜೆಕ್ಟಲ್ಲಿ ಅರ್ಧ ಪುಟ ಬರೆದಿದ್ಲು, ಅದರ ಮೇಲೆ ಗೆರೆನೂ ಇಲ್ಲ ಸ್ಟಾರೂ ಇಲ್ಲ, ಬರೀ ಒಂದು ಟಿಕ್. ಓದಿದ್ರೋ ಇಲ್ವೋ.

ಇನ್ನೊಂದು ವಿಷಯ, ಇದನ್ನ ಹೇಳೋಕೆ ಸ್ವಲ್ಪ ಮುಜುಗರ, ಆದ್ರೂ ಹೇಳ್ತೀನಿ. ನಮ್ಮ ಮನೇಲಿ ತೆಲುಗೂ ಐತೆ ಕನ್ನಡಾನೂ ಐತೆ. ಮಗಳು ಕ್ಲಾಸಲ್ಲಿ ಬಾಯಿ ತಪ್ಪಿ ಒಂದು ತೆಲುಗು ಮಾತು ಆಡಿದ್ದಕ್ಕೆ ಎಲ್ಲಾ ನಕ್ಕರಂತೆ, "ಆಂಧ್ರದವಳು" ಅಂತ ಹೆಸರು ಇಟ್ಟಿದಾರೆ. ಇದು ಮಕ್ಕಳ ತಪ್ಪಲ್ಲ. ಈ ಊರು ಎರಡು ಭಾಷೆ ಮೇಲೇ ನಿಂತಿದ್ದು ಅಂತ ಯಾರೂ ಹೇಳಿಲ್ಲ ಅವಕ್ಕೆ. ಬಳ್ಳಾರಿ ರಾಘವ ಅಂತ ದೊಡ್ಡ ನಟ ಇದ್ರು, ಲಾಯರ್ ಬೇರೆ, 1946ರಲ್ಲಿ ತೀರಿಕೊಂಡ್ರು, ತೆಲುಗಲ್ಲೂ ಆಡೋರು ಕನ್ನಡದಲ್ಲೂ ಆಡೋರು ಇಂಗ್ಲಿಷಲ್ಲೂ ಆಡೋರು. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯುಲು ಇಲ್ಲೇ ನಾಟಕ ಸಭಾ ಕಟ್ಟಿ ತೆಲುಗು ನಾಟಕಕ್ಕೆ ದಾರಿ ಹಾಕಿದವರು. ಅದೇ ಊರಲ್ಲಿ 1810ರಲ್ಲಿ ಬಂದ ಲಂಡನ್ ಮಿಷನ್ ಪಾದ್ರಿ ಜಾನ್ ಹ್ಯಾಂಡ್ಸ್ ಕೂತ್ಕೊಂಡು ಬೈಬಲ್ಲನ್ನ ಕನ್ನಡಕ್ಕೆ ತಂದ್ರು. ತೆಲುಗು ನಾಟಕಾನೂ ಕನ್ನಡ ಬೈಬಲ್ಲೂ ಒಂದೇ ಊರಲ್ಲಿ ಹುಟ್ಟಿದ್ದು ಅಂದ್ರೆ ಮಕ್ಕಳು ಜಂಬ ಪಡಬೇಕಾದ ವಿಷಯ, ನಗೋ ವಿಷಯ ಅಲ್ಲ.

ಈಗ ಭೂಗೋಳ. ಅದರದ್ದೂ ಒಂದು ಕೊರಗು ಐತೆ. ಪ್ರಾಜೆಕ್ಟಿಗೆ ಕೊಟ್ಟ ಮಾದರಿಲಿ "ಬಳ್ಳಾರಿ: ಖನಿಜ: ಕಬ್ಬಿಣದ ಅದಿರು" ಅಷ್ಟೇ ಇತ್ತು. ಅದಿರು ಇರೋದು ಸಂಡೂರು ಬೆಟ್ಟದಲ್ಲಿ. ಊರೊಳಗಿರೋದು ಬೋಳು ಗ್ರಾನೈಟ್ ಗುಡ್ಡ ಎರಡು, ಬಳ್ಳಾರಿ ಗುಡ್ಡ ಮತ್ತೆ ಕುಂಬಾರ ಗುಡ್ಡ. ಕುಂಬಾರ ಗುಡ್ಡ ಒಂದು ಕಡೆಯಿಂದ ನೋಡಿದ್ರೆ ಮಲಗಿದ ಮನುಷ್ಯನ ಮುಖ, ನನ್ ಮಗಳು ಚಿಕ್ಕವಳಿದ್ದಾಗ "ಮಾವ ನಿದ್ದೆ ಮಾಡ್ತಾ ಇದಾನೆ" ಅನ್ನೋಳು. ಬಳ್ಳಾರಿ ಗುಡ್ಡದ ಮೇಲಿನ ಕೋಟೆ ಹನುಮಪ್ಪ ನಾಯಕ ಕಟ್ಟಿಸಿದ್ದು, ಕೆಳಗಿನ ಕೋಟೆ ಹೈದರಾಲಿ ಕಾಲದ್ದು. ಫ್ರೆಂಚ್ ಇಂಜಿನಿಯರ್ ಕೈಲಿ ಕಟ್ಟಿಸಿ, ಆಮೇಲೆ ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಐತೆ, ಅಲ್ಲಿಂದ ಗುಂಡು ಹೊಡೆದ್ರೆ ಕತೆ ಮುಗೀತು ಅಂತ ಗೊತ್ತಾಗಿ ಅವನನ್ನ ಗಲ್ಲಿಗೆ ಹಾಕಿಸಿದ ಅಂತ ಹೇಳ್ತಾರೆ. ಇದು ದಂತಕತೆ, ದಂತಕತೆ ಅಂತಾನೇ ಹೇಳಿಕೊಡ್ರಿ, ಆದ್ರೆ ಗುಡ್ಡ ಹತ್ತಿಸಿ ಹೇಳಿಕೊಡ್ರಿ. ಮೇಲೆ ನಿಂತು ನೋಡಿದ್ರೆ ಯಾವ ಮಗುವಿಗಾದ್ರೂ ಗೊತ್ತಾಗುತ್ತೆ ಈ ಊರಿಗೋಸ್ಕರ ಯಾಕೆ ಅಷ್ಟು ಜನ ಹೊಡೆದಾಡಿದ್ರು ಅಂತ, ಸುತ್ತ ಎರೆ ಭೂಮಿ ಚಾಪೆ ಹಾಸಿದಂಗೆ, ನಡುವೆ ಈ ಕಲ್ಲು.

ಪೂರ್ವಕ್ಕೆ ಗುಂತಕಲ್ ರೈಲು ಹಿಡಿದ್ರೆ ಹಗರಿ ಹೊಳೆ ಸಿಗುತ್ತೆ. ಹಗರಿ ಅಂದ್ರೆ ವೇದಾವತಿ. ಚಿತ್ರದುರ್ಗದ ಕಡೆಯಿಂದ ಬಂದು ಆಂಧ್ರದೊಳಗೆ ನುಗ್ಗಿ, ಮತ್ತೆ ನಮ್ ಕಡೆ ಬಂದು, ಸಿರುಗುಪ್ಪ ತಾಲ್ಲೂಕಲ್ಲಿ ತುಂಗಭದ್ರೆ ಸೇರುತ್ತೆ. ಮಳೆ ಬಂದ್ರೆ ಹೊಳೆ, ಇಲ್ಲಾಂದ್ರೆ ಮರಳು. ಈ ಒಂದು ಹೊಳೆ ಹಿಡ್ಕೊಂಡು ಹೋದ್ರೆ ಸಾಕು, ಗಡಿ ಪಾಠ ಪೂರ್ತಿ ಮುಗೀತದೆ. ಹಂಗೇ ತುಂಗಭದ್ರಾ ಕಾಲುವೆ. ಹೊಸಪೇಟೆಯಲ್ಲಿ ಡ್ಯಾಮ್ ಮೇಲೆ ಕೂತಿರೋ ತುಂಗಭದ್ರಾ ಬೋರ್ಡ್ ಹುಟ್ಟಿದ್ದೇ 1953ರ ಆಂಧ್ರ ಕಾಯ್ದೆಯಿಂದ, ಯಾಕಂದ್ರೆ ಬಲದಂಡೆ ಕಾಲುವೆ ನಮ್ಮ ಹೊಲ ಹಾದು ಆಲೂರು, ಆದವಾನಿ ಕಡೆಗೂ ಹೋಗುತ್ತೆ, ಯಾರಿಗೆ ಎಷ್ಟು ನೀರು ಅಂತ ನೋಡೋರು ಬೇಕಲ್ಲ. 2024ರ ಆಗಸ್ಟಲ್ಲಿ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ನಮ್ ಊರಲ್ಲೂ ಎದೆ ಒಡೀತು, ಆಲೂರಲ್ಲಿ ಅಜ್ಜಿ ತಮ್ಮನ ಮಕ್ಕಳೂ ಫೋನ್ ಮೇಲೆ ಫೋನ್ ಮಾಡಿದ್ರು, ಬೆಳೆ ಏನಾಗುತ್ತೋ ಅಂತ. ಅವರ ಹೊಲದ ನೀರೂ ಅದೇ ಗೇಟಿನ ಹಿಂದಿತ್ತು.

ನಮ್ ಕೆಲಸಾನೂ ಅಷ್ಟೇ. ಬಳ್ಳಾರಿ ಜೀನ್ಸ್ ಅಂತಾರೆ, ಇಲ್ಲಿ ಕಂಟೋನ್ಮೆಂಟ್ ಇದ್ದಾಗ ಮಿಲಿಟರಿಯವರಿಗೆ ಬಟ್ಟೆ ಹೊಲಿಯೋಕೆ ಬಂದ ದರ್ಜಿಗಳಿಂದ ಈ ಕಸುಬು ಬೆಳೀತು ಅಂತ ನಮ್ಮ ಹಿರಿಯರು ಹೇಳೋರು. ನಾನು ಇಲ್ಲಿ ಕತ್ತರಿಸಿದ ಪೀಸ್ ಎಷ್ಟೋ ಸಲ ರಾಯದುರ್ಗಕ್ಕೆ ಹೊಲಿಗೆಗೆ ಹೋಗುತ್ತೆ, ಅಲ್ಲೂ ಜೀನ್ಸ್ ಹೊಲಿಯೋ ಮನೆಗಳು ತುಂಬಾ ಅದಾವೆ. ಹೊಲಿದು ವಾಪಸ್ ಬಂದು ಇಲ್ಲಿ ವಾಶಿಂಗ್, ಬಟನ್, ಲೇಬಲ್. ಒಂದು ಪ್ಯಾಂಟು ಅಂಗಡಿಗೆ ಹೋಗೋ ಮುಂಚೆ ರಾಜ್ಯದ ಗಡಿ ಎರಡು ಸಲ ದಾಟಿರುತ್ತೆ.

ಊರಿನ ಹತ್ರಾನೇ ಸಂಗನಕಲ್ಲು ಐತೆ, ಹೊಸ ಶಿಲಾಯುಗದವರು ಕಲ್ಲಿನ ಕೊಡಲಿ ತಯಾರು ಮಾಡ್ತಿದ್ದ ಗುಡ್ಡ, ಸಾವಿರಾರು ವರ್ಷ ಹಿಂದಿನ ಫ್ಯಾಕ್ಟರಿ ಅನ್ನಿ. ಬಂಡೆ ಮೇಲೆ ಎತ್ತು, ಮನುಷ್ಯರ ಚಿತ್ರ ಕುಟ್ಟಿದಾರೆ, ಕೆಲವು ಬಂಡೆ ಕಲ್ಲಿಂದ ಬಡಿದ್ರೆ ಗಂಟೆ ತರ ಸದ್ದು. ಅಲ್ಲಿ ಸಿಕ್ಕ ಸಾಮಾನಿಗೆ ರಾಬರ್ಟ್ ಬ್ರೂಸ್ ಫೂಟ್ ಹೆಸರಲ್ಲಿ ಊರೊಳಗೆ ಮ್ಯೂಸಿಯಂ ಕೂಡ ಐತೆ. ಇದು ಬಿಟ್ಟು ಎರಡು ಬಸ್ ಮಾಡಿ ಮಕ್ಕಳನ್ನ ಬೆಂಗಳೂರಿನ ವಾಟರ್ ಪಾರ್ಕಿಗೆ ಕರ್ಕೊಂಡು ಹೋಗ್ತೀರಿ, ತಲೆಗೆ ಇಷ್ಟು ಅಂತ ನಮ್ಮ ಹತ್ರ ದುಡ್ಡು ಇಸ್ಕೊಂಡು. ಹೋಗ್ಲಿ ಬೇಡ ಅನ್ನಲ್ಲ, ಮಕ್ಕಳಿಗೆ ಅದೂ ಬೇಕು. ಸಂಗನಕಲ್ಲಿಗೆ ಆಟೋದಲ್ಲಿ ಹೋಗಿ ಬರಬಹುದು ಅಂತ ಹೇಳಿದೆ ಅಷ್ಟೇ.

ನನ್ನ ಬೇಡಿಕೆ ದೊಡ್ಡದೇನಿಲ್ಲ. 1956 ಅಂತ ಬರೆದ ಕಡೆಯಲ್ಲೆಲ್ಲಾ ಬಳ್ಳಾರಿ ಮಕ್ಕಳಿಗೆ ಬಾಯಲ್ಲಾದ್ರೂ "ನಾವು ಅದಕ್ಕಿಂತ ಮುಂಚೆ, 1953ರಲ್ಲಿ" ಅಂತ ಹೇಳ್ರಿ, ಪರೀಕ್ಷೆ ಪೇಪರ್ ತಿದ್ದುವಾಗ 1953 ಬರೆದ ಮಗುವಿನ ಮಾರ್ಕ್ಸ್ ಕಟ್ ಮಾಡಬೇಡ್ರಿ. ಅಕ್ಟೋಬರ್ 1 ಬಂದಾಗ ಪ್ರಾರ್ಥನೆ ಹೊತ್ತಲ್ಲಿ ಐದು ನಿಮಿಷ ರಂಜಾನ್ ಸಾಬ್ ಹೆಸರು ತಗೊಳ್ರಿ, ಮರುದಿನ ಗಾಂಧಿ ಜಯಂತಿಗೆ ಹೇಗೂ ಭಾಷಣದ ತಯಾರಿ ನಡೀತಾ ಇರುತ್ತೆ. ಹಂಪಿ ಚಿತ್ರ ಅಂಟಿಸೋರು ಅಂಟಿಸ್ಲಿ, ಆದ್ರೆ ಕೆಳಗೆ "2021ರ ತನಕ ನಮ್ಮ ಜಿಲ್ಲೆಲಿತ್ತು" ಅಂತ ಬರೆಸ್ರಿ, ಪಕ್ಕದಲ್ಲಿ ಮಂತ್ರಾಲಯದ್ದೂ ಒಂದು ಅಂಟಿಸಿ "1953ರ ತನಕ" ಅಂತ ಬರೆಸ್ರಿ. ಆಗ ಮಗುವೇ ಕೇಳುತ್ತೆ, ಯಾಕೆ ಹೋಯ್ತು ಅಂತ.

ಆಮೇಲೆ ಮನೇಲಿ ತೆಲುಗೋ ಉರ್ದುವೋ ಮಾತಾಡೋ ಮಗುವನ್ನ ಎಬ್ಬಿಸಿ ನಿಲ್ಲಿಸಿ, ಮೂರು ಭಾಷೇಲೂ ಗುಡ್ಡಕ್ಕೆ ಏನಂತಾರೆ ಅಂತ ಒಂದು ಸಲ ಕೇಳ್ರಿ. ನಗೋರು ಯಾರೂ ಇರಲ್ಲ ಆಗ, ಎಲ್ಲಾ ಕೈ ಎತ್ತುತ್ತಾರೆ.

ಅಜ್ಜಿ ಬಗ್ಗೆ ಹೇಳಿದ್ನಲ್ಲ. ಭಾನುವಾರ ನಮ್ ಯೂನಿಟ್ ರಜೆ. ಮಕ್ಕಳನ್ನ ಕರ್ಕೊಂಡು ಬರೋದಾದ್ರೆ ಮಗಳ ಕೈಲಿ ಹೇಳಿ ಕಳಿಸ್ರಿ, ಒಗ್ಗರಣೆ ಮಿರ್ಚಿ ನಮ್ ಕಡೆಯಿಂದ. ಬೆಳಿಗ್ಗೆ ಹತ್ತರ ಒಳಗೆ ಬರ್ಬೇಕು ಆದ್ರೆ, ಬಿಸಿಲು ಏರಿದ ಮೇಲೆ ಅಜ್ಜಿ ಮಲಗಿಬಿಡ್ತಾರೆ. ಸ್ವಲ್ಪ ಜೋರಾಗಿ ಮಾತಾಡ್ರಿ, ಬಲಗಡೆ ಕಿವಿ ಹತ್ರ. ಮಕ್ಕಳಲ್ಲಿ ಯಾರಿಗಾದ್ರೂ ತೆಲುಗು ಓದೋಕೆ ಬಂದ್ರೆ ಮುಂದೆ ಕೂರಿಸ್ರಿ, ಅಜ್ಜಿ ತಮ್ಮ ಆಲೂರಿನಿಂದ ಬರೆಸಿ ಹಾಕಿದ ಕಾಗದ ನಾಲ್ಕೈದು ಟ್ರಂಕಲ್ಲಿ ಅದಾವೆ, ಮನೇಲಿ ಈಗ ಅದನ್ನ ಓದೋರು ಯಾರೂ ಇಲ್ಲ.

ಇತಿ ನಿಮ್ಮ ವಿಶ್ವಾಸಿ,
ಎಂಟನೇ ಕ್ಲಾಸ್ ಹುಡುಗಿಯೊಬ್ಬಳ ಅಪ್ಪ, ಬಳ್ಳಾರಿ